ಸಿಡಿಲಿಗೆ ಸತ್ತ ಫೈಬರ್ ಮೋಡೆಮ್: ಬೋರ್ಡ್ ರಿಪೇರಿ ಆಗ್ತದಾ?

ಘಟ್ಟದಮೇಲೆ (ಶಿರಸಿ):
ಸಿಡಿಲು ಬಡಿದಮೇಲೆ ಮೋಡೆಮ್‌ನಲ್ಲಿ ಒಂದೂ ಲೈಟಿಲ್ಲ. 12 ವೋಲ್ಟ್ 1 ಆಂಪಿಯರ್‌ನ ಬೇರೆ ಅಡಾಪ್ಟರ್ ಹಾಕಿದರೆ ಅದರ ಲೈಟೇ ಮಿಣಕ್ ಮಿಣಕ್. ಪವರ್ ಜ್ಯಾಕ್ ಹಿಂದೆ ಕರಿ ಚೌಕ ತುಂಡೊಂದು ಸೀಳಿದೆ, ಪಕ್ಕದ 470 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ತಲೆ ಉಬ್ಬಿದೆ. ಎರಡನ್ನೂ ಬದಲಿಸಿದರೆ ಸಾಕಾ?

ಅಘನಾಶಿನಿ:
ಅಡಾಪ್ಟರ್ ಮಿಣುಕುವುದು ಶಾರ್ಟ್ ಇದ್ದಾಗ. ಸೀಳಿದ ತುಂಡು ಪ್ಲಸ್–ಮೈನಸ್ ನಡುವೆ ಕೂತಿದ್ದರೆ ಅದು ಟಿವಿಎಸ್ ಡಯೋಡ್, ಅಂದರೆ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ತಡೆಯುವ ತುಂಡು. ಮಿತಿ ಮೀರಿದ ಸರ್ಜ್ ಬಂದರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಅದನ್ನು ತೆಗೆದು ಮಲ್ಟಿಮೀಟರ್‌ನಲ್ಲಿ ಜ್ಯಾಕ್ ಮೇಲೆ ಬೀಪ್ (ಶಾರ್ಟ್ ಇದ್ದರೆ ಬರುವ ಸದ್ದು) ನೋಡಿ. ಬೀಪ್ ನಿಂತರೆ ಎಸ್‌ಎಂಬಿಜೆ15ಎ ಎಂಬ ಹೊಸ ಟಿವಿಎಸ್ ಹಾಕಿ, ಗೆರೆ ಇರುವ ಬದಿ ಪ್ಲಸ್‌ಗೆ. ಕೆಪಾಸಿಟರ್ 105 ಡಿಗ್ರಿ ಬಿಸಿ ತಾಳುವುದೇ ತನ್ನಿ. ಜಾಗದಲ್ಲಿ ಕೂತರೆ 25 ವೋಲ್ಟಿನದೂ ಅಡ್ಡಿಲ್ಲ.

ಬೀಪ್ ಹೋಯಿತೆಂದು ಖುಷಿಪಡಬೇಡಿ. ಕರೆಂಟ್ ಕೊಡುವ ಮೊದಲು ಬೋರ್ಡ್ ಮೇಲೆ ವೋಲ್ಟೇಜ್ ಇಳಿಸುವ ಪ್ರತಿ ಕಾಯಿಲ್‌ನಿಂದ ಗ್ರೌಂಡ್‌ಗೆ (ಮೈನಸ್) ಓಮ್ ಅಳೆಯಿರಿ. 3.3 ವೋಲ್ಟ್ ಲೈನಿನಲ್ಲಿ ಒಂದೆರಡು ಓಮ್ ಬಂದರೆ ಮುಖ್ಯ ಚಿಪ್ಪೇ ಹೋಗಿರುವ ಸಂಭವ ಹೆಚ್ಚು. ಪ್ರೊಸೆಸರ್ ಕೋರ್‌ನ ಲೈನ್ ಮಾತ್ರ ಸರಿ ಇದ್ದರೂ ಕಡಿಮೆ ಓಮ್ ತೋರಿಸುತ್ತದೆ, ಅದನ್ನು ಶಾರ್ಟ್ ಅಂದುಕೊಂಡು ಚಿಪ್ ಕೀಳಲು ಹೋಗಬೇಡಿ.

ಕಾಳಿ_ದಂಡೆ (ಕಾರವಾರ):
ಕೆಪಾಸಿಟರ್‌ನ ಮೈನಸ್ ಕಾಲು ಅಗಲ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತದೆ. 25 ವ್ಯಾಟ್ ಐರನ್‌ನ ಬಿಸಿಯನ್ನೆಲ್ಲ ಅದೇ ನುಂಗುತ್ತದೆ. ಹಟ ಹಿಡಿದು ಎಳೆದರೆ ತೂತಿನೊಳಗಿನ ತಾಮ್ರವೂ ಕಿತ್ತು ಬರುತ್ತದೆ. 60 ವ್ಯಾಟ್, ಚಪ್ಪಟೆ ಟಿಪ್, 370 ಡಿಗ್ರಿ. ಮೊದಲು ಹೊಸ ಸೋಲ್ಡರ್ ಮತ್ತು ಫ್ಲಕ್ಸ್ ಸೇರಿಸಿ, ಕಾಲುಗಳನ್ನು ಒಂದೊಂದಾಗಿ ಅಲುಗಾಡಿಸಿ ತೆಗೆಯಿರಿ.

ನಮ್ಮ ಕಡೆಯ ಬೋರ್ಡ್ ಆದರೆ ಇನ್ನೊಂದು ಕೆಲಸ: ಉಪ್ಪುಗಾಳಿಗೆ ಪ್ಯಾಡ್ ಹಸಿರುಗಟ್ಟಿರುತ್ತದೆ, ಕೆರೆದು ಹೊಳಪು ಬರಿಸದೆ ಸೋಲ್ಡರ್ ಹಿಡಿಯುವುದಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್.

ಘಟ್ಟದಮೇಲೆ:
ಟಿವಿಎಸ್ ತೆಗೆದೆ, ಬೀಪ್ ನಿಂತಿತು. ಕೆಪಾಸಿಟರ್ ಹಾಕಿದಮೇಲೆ ಕಾಯಿಲ್‌ಗಳಲ್ಲಿ 3.3, 1.5, 1.1 ವೋಲ್ಟ್. ನೆಟ್ ಬಂತು, ಆದರೆ ಲ್ಯಾನ್ 1 ಸತ್ತಿದೆ.

ಅಘನಾಶಿನಿ:
ಹಾಗಾದರೆ ಲ್ಯಾನ್ ಕೇಬಲ್ಲಿನಲ್ಲೂ ಸರ್ಜ್ ಹಾದಿದೆ. ಫೈಬರ್ ಗಾಜು, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಕೇಬಲ್ ಕಿತ್ತು, ಪೋರ್ಟಿನ 1–2 ಮತ್ತು 3–6 ಪಿನ್ ನಡುವೆ ಅಳೆಯಿರಿ. ಒಂದೆರಡು ಓಮ್ ಬರಬೇಕು. ಏನೂ ತೋರಿಸದಿದ್ದರೆ ಲ್ಯಾನ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅದು ಬದಲಿಸಬಹುದಾದ ಮಾಲು. ಸರಿ ಬಂದರೆ ತೊಂದರೆ ಬಹುತೇಕ ಚಿಪ್ಪಿನೊಳಗೆ, ಲ್ಯಾನ್ 2 ಬಳಸಿ ಮುಗಿಸಿ. ಟಿವಿಎಸ್ ಇಲ್ಲದೆಯೂ ಓಡುತ್ತದೆ ಅಂತ ಆ ಜಾಗ ಖಾಲಿ ಬಿಡಬೇಡಿ ಮಾರಾಯ್ರೆ.