ಅಪ್‌ಡೇಟ್: ಫಿನ್ ಬುಡದ ಶಾಖದ ಲೆಕ್ಕ ಸರಿಹೋಯಿತು

ಫಿನ್‌ಗೆ (ಬಿಸಿ ವಸ್ತುವಿನ ಶಾಖವನ್ನು ಗಾಳಿಗೆ ಬಿಡುವ ಕಡ್ಡಿ) ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಎರಡೇ ಲೀನಿಯರ್ ಎಲಿಮೆಂಟ್ (ಒಳಗೆ ತಾಪಮಾನ ನೇರ ಗೆರೆಯಲ್ಲಿ ಬದಲಾಗುತ್ತದೆ ಎಂದುಕೊಂಡ ತುಂಡು) ಹಾಕಿದರೂ ತಾಪಮಾನ ಸರಿಯಾಗಿ ಬರುತ್ತದೆ, ಬುಡದಿಂದ ಒಳಹೋಗುವ ಶಾಖ ಮಾತ್ರ ಯಾಕೆ ಇಷ್ಟು ಕಡಿಮೆ ಅಂತ ಕೇಳಿದ್ದೆ ಅಲ್ವಾ? ಅಲ್ಯೂಮಿನಿಯಂ ಕಡ್ಡಿ, ವ್ಯಾಸ 10 ಮಿ.ಮೀ., ಉದ್ದ 100 ಮಿ.ಮೀ., ವಾಹಕತೆ 200, ಗಾಳಿಯ ಕಡೆ ಕನ್ವೆಕ್ಷನ್ (ಮೈಯಿಂದ ಗಾಳಿಗೆ ಶಾಖ ದಾಟುವ) ಗುಣಾಂಕ 20 (ಎರಡೂ ಎಸ್‌ಐ ಯೂನಿಟ್), ಬುಡ 100 ಡಿಗ್ರಿ, ಗಾಳಿ 30, ತುದಿ ಇನ್ಸುಲೇಟೆಡ್ (ಅಲ್ಲಿಂದ ಶಾಖ ಹೊರಹೋಗದು). ತುದಿಯ ತಾಪಮಾನ 87.9 ಬಂತು, ನಿಖರ ಸೂತ್ರದ್ದು 88.0. ಆದರೆ ಮೊದಲ ಎಲಿಮೆಂಟ್‌ನ ತಾಪಮಾನದ ಇಳಿಜಾರಿನಿಂದ ಶಾಖ 2.87 ವ್ಯಾಟ್, ಸೂತ್ರದಲ್ಲಿ 3.89.

ನೀವು ಹೇಳಿದ ಹಾಗೆ ಬುಡದ ತಾಪಮಾನ ಹೇರುವ ಮುಂಚಿನ ಮ್ಯಾಟ್ರಿಕ್ಸ್‌ನ ಮೊದಲ ಸಾಲನ್ನು (ಬುಡದ ಬಿಂದುವಿನ ಶಾಖದ ಸಮೀಕರಣ) ಇಟ್ಟುಕೊಂಡು, ಸಿಕ್ಕ ತಾಪಮಾನಗಳಿಂದ ಗಾಳಿಯ 30 ಕಳೆದು ಗುಣಿಸಿದೆ. 3.92 ವ್ಯಾಟ್! ಮೈಯಿಂದ ಗಾಳಿಗೆ ಹೋಗುವುದನ್ನು ಕೂಡಿಸಿದರೂ ಅಷ್ಟೇ. ಇಳಿಜಾರು ಎಲಿಮೆಂಟ್ ಪೂರ್ತಿ ಒಂದೇ, ಅದು ನಡುಭಾಗಕ್ಕೆ ಹೊಂದುತ್ತದೆ, ಬುಡಕ್ಕಲ್ಲ. ಸುಮ್ನೆ ಮೆಶ್ (ತುಂಡುಗಳ ಸಂಖ್ಯೆ) ಜಾಸ್ತಿ ಮಾಡುವುದಕ್ಕಿಂತ ಇದೇ ಒಳ್ಳೆಯ ದಾರಿ. ತುಂಬಾ ಥ್ಯಾಂಕ್ಸ್.