ಗ್ಯಾಸ್ ಮಾತ್ರೆ ಬಿಟ್ಟರೆ ಎದೆಯುರಿ ಇನ್ನೂ ಜಾಸ್ತಿ, ಏನು ಮಾಡೋದು?

ಆಟೋ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ವಯಸ್ಸು 41, ದಾವಣಗೆರೆಯಲ್ಲಿ ಆಟೋ ಓಡಿಸುತ್ತೇನೆ. ಬೆಳಗಿನ ಜಾವ ನಾಲ್ಕೂವರೆಗೇ ಸ್ಟೇಷನ್ ಹತ್ತಿರ ಇರಬೇಕು. ಖಾಲಿ ಹೊಟ್ಟೆಗೆ ಎರಡು ಚಹಾ ಆಗುತ್ತೆ. ಸಂಜೆ ಮಂಡಕ್ಕಿ ಮಿರ್ಚಿ. ರಾತ್ರಿ ಹನ್ನೊಂದಕ್ಕೆ ಊಟ, ಕೈ ತೊಳೆದ ತಕ್ಷಣ ನಿದ್ದೆ.

ಎರಡು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಪ್ಯಾಂಟೊಪ್ರಜೋಲ್ 40 ಅನ್ನೋ, ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ ನುಂಗುತ್ತಿದ್ದೇನೆ. ಹೋದ ವಾರ ಸಾಕು ಅಂತ ಬಿಟ್ಟೆ. ಮೂರನೇ ದಿನ ಪ್ಯಾಸೆಂಜರ್ ಕೂತಿರುವಾಗಲೇ ಗಾಡಿ ಬದಿಗೆ ಹಾಕಿ ಹುಳಿನೀರು ಉಗುಳಿದೆ. ನಮ್ಮ ಮನೆಯವರು ಹೇಳ್ತಾರೆ, ಹೊಟ್ಟೆಯಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಸತ್ತುಹೋಗಿವೆ, ಮೊಸರು ತಿಂದರೆ ಸರಿಯಾಗುತ್ತೆ ಅಂತ. ನಿಜಾನಾ?

ಮಲ್ನಾಡ್_ಮಾಣಿ:
ಅಣ್ಣ, ತಣ್ಣನೆ ಹಾಲು ಕುಡಿಯಿರಿ. ಐದೇ ನಿಮಿಷದಲ್ಲಿ ಕಡಿಮೆ.

ಟೈಲರಕ್ಕ_ಶಿವಮೊಗ್ಗ:
ಮಾಣಿ, ಆ ಐದು ನಿಮಿಷ ಸುಖ ನಾನೂ ಕಂಡಿದ್ದೇನೆ. ಆಮೇಲೆ ಅದೇ ಹಾಲು ಹೊಟ್ಟೆಯಲ್ಲಿ ಆಮ್ಲ ಇನ್ನಷ್ಟು ಸುರಿಸುತ್ತೆ. ರಾತ್ರಿ ಎರಡು ಗಂಟೆಗೆ ಎದ್ದು ಕೂರೋದು ಯಾರು?

ಆಟೋದವರೇ, ನನ್ನ ಕತೆ ಹೇಳುತ್ತೇನೆ. ಇಡೀ ದಿನ ಮಷಿನ್ ಮುಂದೆ ಬಗ್ಗಿ ಕೂರುವ ಕೆಲಸ. ಕುತ್ತಿಗೆ ನೋವಿಗೆ ಒಂದು ಮಾತ್ರೆ, ಆ ಮಾತ್ರೆ ಹೊಟ್ಟೆ ಸುಡುತ್ತೆ ಅಂತ ಗ್ಯಾಸ್ ಮಾತ್ರೆ. ಹೀಗೆ ಮೂರು ವರ್ಷ ಹೋಯಿತು. ಕೊನೆಗೆ ಡಾಕ್ಟರ್ ಎಂಡೋಸ್ಕೋಪಿ ಮಾಡಿಸಿದರು, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆ ನೋಡೋದು. ಅದಕ್ಕೂ ಮೊದಲು ಎರಡು ವಾರ ಗ್ಯಾಸ್ ಮಾತ್ರೆ ನಿಲ್ಲಿಸಿ ಅಂದಿದ್ದರು. ಹೊಟ್ಟೆಯ ಒಳಪದರದಿಂದ ಸಾಸಿವೆಯಷ್ಟು ಚೂರು ತೆಗೆದು ಹಳದಿ ಬಣ್ಣದ ಜೆಲ್ಲಿಯಲ್ಲಿ ಇಟ್ಟರು. ನೋಡನೋಡುತ್ತ ಹಳದಿ ಹೋಗಿ ರಾಣಿ ಪಿಂಕ್ ಆಯಿತು. ಬ್ಲೌಸ್ ಲೈನಿಂಗ್‌ಗೆ ತರುತ್ತೇವಲ್ಲ, ಅದೇ ಬಣ್ಣ!

ಅದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕೆಲಸ. ನಮ್ಮ ಹೊಟ್ಟೆಯ ಆಮ್ಲದಲ್ಲಿ ಬೇರೆ ಕ್ರಿಮಿಗಳು ಹೆಚ್ಚಿನವು ಸಾಯುತ್ತವೆ. ಇದು ಮಾತ್ರ ನಮ್ಮ ಮೈಯಲ್ಲೇ ಇರುವ ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತ ಆಮ್ಲ ತಟ್ಟದ ಹಾಗೆ ನೋಡಿಕೊಳ್ಳುತ್ತೆ. ಜೆಲ್ಲಿಯ ಬಣ್ಣ ಬದಲಾದದ್ದೂ ಆ ಅಮೋನಿಯಾದಿಂದಲೇ. ಹಿಂದೆ ಅಲ್ಸರ್, ಅಂದರೆ ಹೊಟ್ಟೆ ಹುಣ್ಣಿಗೆ ಟೆನ್ಷನ್, ಖಾರವೇ ಕಾರಣ ಅಂತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ, ಅವರ ಜೊತೆ ಈ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ನನಗೆ ಬಂದದ್ದು 14 ದಿನದ ಆಂಟಿಬಯೋಟಿಕ್, ಬಾಯಲ್ಲಿ ತುಕ್ಕು ಹಿಡಿದ ಸೂಜಿ ಕಚ್ಚಿದಂಥ ರುಚಿ.

ನಿಮಗೂ ಅದೇ ಇದೆ ಅಂತಲ್ಲ. ತಡರಾತ್ರಿ ಉಂಡು ಮಲಗಿದರೂ ಆಮ್ಲ ಮೇಲಕ್ಕೆ ಬರುತ್ತೆ. ಆದರೆ ಕಾರಣ ಗೊತ್ತಿಲ್ಲದೆ ಎರಡು ವರ್ಷ ಮಾತ್ರೆ ನುಂಗಿದ್ದೀರಿ, ಅದೇ ತಪ್ಪು. ತುಂಬಾ ದಿನ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಆಮ್ಲ ಕೆಲ ವಾರ ಮೊದಲಿಗಿಂತ ಜೋರಾಗಿ ಬರಬಹುದು. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಲ್ಯಾಬ್_ಹುಡುಗಿ:
ಅಕ್ಕ ಹೇಳಿದ್ದು ಸರಿ. ಎಲ್ಲರಿಗೂ ಎಂಡೋಸ್ಕೋಪಿ ಬೇಕಾಗಲ್ಲ, ಉಸಿರಿನ ಪರೀಕ್ಷೆ, ಮಲದ ಪರೀಕ್ಷೆಯಲ್ಲೂ ಪೈಲೋರಿ ಗೊತ್ತಾಗುತ್ತೆ. ಅಣ್ಣ, ನೀವು ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಅದು ಒಳಗಿದ್ದರೆ ಬ್ಯಾಕ್ಟೀರಿಯಾ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗೋದೂ ಉಂಟು, ಅದನ್ನೂ ನೋಡಿಸಿ. ಮಲ ಕಪ್ಪಗೆ ಹೋದರೆ, ನುಂಗೋಕೆ ಕಷ್ಟ ಆದರೆ, ತೂಕ ಸುಮ್ನೆ ಇಳಿದರೆ ಕಾಯಬೇಡಿ. ಎದೆನೋವು ತೋಳಿಗೋ ದವಡೆಗೋ ಹರಡಿದರೆ ಗ್ಯಾಸ್ ಅಂತ ಕೂರದೆ ನೇರ ಆಸ್ಪತ್ರೆಗೆ.

ಟೈಲರಕ್ಕ_ಶಿವಮೊಗ್ಗ:
ಮೊಸರಿನ ಮಾತು ಮರೆತೆ. ನಿಮ್ಮ ಮನೆಯವರ ಮಾತು ಅರ್ಧ ನಿಜ. ಆಂಟಿಬಯೋಟಿಕ್ ನುಂಗುವಾಗ ನನಗೆ ಭೇದಿ ಹತ್ತಿತು, ಆಗ ಮಜ್ಜಿಗೆ ಕೈಹಿಡಿಯಿತು. ಆದರೆ ಎದೆಯುರಿಗೆ ಅದು ಮದ್ದಲ್ಲ. ಇಡ್ಲಿಯಿಂದ ಒಳ್ಳೆ ಬ್ಯಾಕ್ಟೀರಿಯಾ ಸಿಗುತ್ತೆ ಅಂತಲೂ ಅಂದುಕೊಳ್ಳಬೇಡಿ. ಹಿಟ್ಟು ಹುಳಿ ಬರಿಸೋದೂ ಬ್ಯಾಕ್ಟೀರಿಯಾನೇ, ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರಲ್ಲ. ಕರುಳಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾಕ್ಕೆ ಬೇಕಿರೋದು ನಾರು. ಮುದ್ದೆ, ಹುರುಳಿ, ಸೊಪ್ಪು ಹಾಕಿ. ಒಂದೇ ದಿನ ತಟ್ಟೆ ತುಂಬ ಹಾಕಿಕೊಂಡರೆ ಹೊಟ್ಟೆ ಡೊಳ್ಳಾಗುತ್ತೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಆಟೋ_ದಾವಣಗೆರೆ:
ಥ್ಯಾಂಕ್ಸ್ ಅಕ್ಕ, ತಂಗಿ. ಸೋಮವಾರ ಡಾಕ್ಟರ್ ಹತ್ತಿರ ಹೋಗ್ತೀನಿ, ಮಾತ್ರೆಯ ಖಾಲಿ ಪಟ್ಟಿಗಳನ್ನೂ ಜೇಬಲ್ಲಿ ಇಟ್ಟುಕೊಂಡಿದ್ದೇನೆ. ಊಟ ಎಂಟೂವರೆಗೆ ತರ್ತೀನಿ, ಡಬ್ಬಿ ಗಾಡಿಯಲ್ಲೇ. ಒಂದೇ ಪ್ರಶ್ನೆ, ಮಿರ್ಚಿ ಬಿಡಲೇಬೇಕಾ?

ಟೈಲರಕ್ಕ_ಶಿವಮೊಗ್ಗ:
ದಾವಣಗೆರೆಯವರಿಗೆ ಮಿರ್ಚಿ ಬಿಡಿ ಅಂತ ಹೇಳೋ ಧೈರ್ಯ ನನಗಿಲ್ಲ. ಸದ್ಯಕ್ಕೆ ಮೂರರ ಬದಲು ಒಂದು ತಿಂದು ನೋಡಿ. ಉರಿ ಬಂದರೆ ಉತ್ತರ ನಿಮಗೇ ಗೊತ್ತಾಗುತ್ತೆ.