ಪದಚರ್ಚೆ: ಬಸುರಿಯ ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಪದ ಬೇಕು (ತುರ್ತು)

ಹುಬ್ಬಳ್ಳಿಯಿಂದ:
ಗರ್ಭಿಣಿಯರ ಕೈಪಿಡಿ ನಾಳೆ ಅಚ್ಚಿಗೆ ಹೋಗುತ್ತದೆ. ಯಾವ ಪೆಟ್ಟೂ ಬೀಳದೆ, ಗರ್ಭಕೋಶದ ಹೊರಮೈಯ ರಕ್ತನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುವ ಸ್ಥಿತಿ. ಬಲು ಅಪರೂಪ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರುವವರಿಗೆ ಅಪಾಯ ಹೆಚ್ಚು. ಬಹುಪಾಲು ಕೊನೆಯ ತಿಂಗಳುಗಳಲ್ಲಿ, ಕೆಲವೊಮ್ಮೆ ಬಾಣಂತನದ 42 ದಿನಗಳೊಳಗೆ. ವೈದ್ಯರು 'ಸ್ಪಾಂಟೇನಿಯಸ್ ಹೀಮೊಪೆರಿಟೋನಿಯಂ' ಎನ್ನುತ್ತಾರೆ. ಕರಡಿನಲ್ಲಿ 'ಸ್ವಯಂಪ್ರೇರಿತ ಅಂತರರಕ್ತಸ್ರಾವ' ಎಂದಿದೆ. ಇರಲಿಯೇ?

ಮೈಸೂರಿನಿಂದ:
ಬೇಡ. ಸ್ವಯಂಪ್ರೇರಿತವಾಗಿ ಮಾಡುವುದು ರಕ್ತದಾನ. 'ಅಂತರ್' ಮುಂದೆ ರೇಫ (ರಕಾರ) ಬಂದರೆ ಮೊದಲ ರೇಫ ಲೋಪವಾಗಿ ಸ್ವರ ದೀರ್ಘ: 'ಅಂತಾರಕ್ತಸ್ರಾವ'. ಪತ್ರಿಕೆಗಳಿಗೆ 'ಅಂತಾರಾಷ್ಟ್ರೀಯ'ವನ್ನೇ ಕಲಿಸಲಾಗಲಿಲ್ಲ, ಇದಾದರೂ ಸರಿಯಾಗಲಿ.

ಶಿರಸಿಯಿಂದ:
ಯಾವ ಬಸುರಿಗೆ ಬಾಯಿ ಹೊರಳೀತು? 'ಒಳನೆತ್ತರೊಸರು' ಎನ್ನಿ. 'ಒಳರಕ್ತಸ್ರಾವ' ಮಾತ್ರ ಬೇಡ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ.

ಮೈಸೂರಿನಿಂದ:
ಗೋಡೆ ಒಸರುತ್ತದೆ, ಒಡೆದ ನಾಳವಲ್ಲ. ಅರಿಸಮಾಸ ಕೂಡದೆಂದರೆ ಆಸ್ಪತ್ರೆ ಬಾಗಿಲಿನ 'ಹೊರರೋಗಿ ವಿಭಾಗ'ದ ಫಲಕವನ್ನು ಮೊದಲು ಇಳಿಸಿ ಬನ್ನಿ.

ಉಡುಪಿಯಿಂದ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಹೆರಿಗೆ ವಾರ್ಡಿನಲ್ಲಿ ರಕ್ತಸ್ರಾವ ಎಂದರೆ ಬಟ್ಟೆಗೆ ಕಾಣುವುದು. ಇಲ್ಲಿ ಒಂದು ಹನಿಯೂ ಹೊರಗೆ ಬಾರದಿರಬಹುದು. ಪದದಿಂದ ಓದುವವಳು ದಾರಿ ತಪ್ಪುತ್ತಾಳೆ. ದಿಢೀರ್ ಹೊಟ್ಟೆನೋವು, ತಣ್ಣನೆಯ ಬೆವರು, ತಲೆಸುತ್ತು. ರಕ್ತ ವಪೆಗೆ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಗೆ) ತಾಗಿ ಕೆಲವರಿಗೆ ಭುಜದ ತುದಿ ನೋಯುತ್ತದೆ, 'ತೂಕ ಎತ್ತಿದ್ದಕ್ಕೆ' ಎಂದು ಮನೆಯವರು ಎಣ್ಣೆ ತಿಕ್ಕುತ್ತಾ ಕೂರುತ್ತಾರೆ. ಜರಾಯು (ಮಾಸು) ಕಳಚಿದೆ ಎಂದು ವೈದ್ಯರೂ ಎಣಿಸುವುದುಂಟು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ದ್ರವ ಕಂಡರೂ ಒಡೆದ ಜಾಗ ಸಿಗುವುದು ಹೆಚ್ಚಾಗಿ ಹೊಟ್ಟೆ ತೆರೆದಾಗಲೇ. ರಕ್ತ ಏರಿಸುತ್ತಲೇ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. 'ಹೊಟ್ಟೆಯೊಳಗೆ ತಾನಾಗಿ ರಕ್ತ ತುಂಬುವುದು' ಎಂದು ಬರೆಯಿರಿ. ಕೆಳಗೆ ಹೀಮೊಪೆರಿಟೋನಿಯಂ ಕೂಡ ಇರಲಿ. ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಅದೇ ಇರುತ್ತದೆ.

ಶಿರಸಿಯಿಂದ:
ಅದು ಪದವಲ್ಲ, ವಾಕ್ಯ. ಹೀಗೆ ಲಿಪಿ ಬದಲಿಸಿ ಎರವಲು ತುಂಬಿಸುತ್ತಾ ಹೋದರೆ ಕನ್ನಡದಲ್ಲಿ ವೈದ್ಯಶಾಸ್ತ್ರ ಬೆಳೆಯುವುದು ಯಾವಾಗ?

ಮೈಸೂರಿನಿಂದ:
'ವೈದ್ಯಶಾಸ್ತ್ರ'ವೂ ಎರವಲೇ, ಸ್ವಾಮಿ.

ಹುಬ್ಬಳ್ಳಿಯಿಂದ:
ಉಡುಪಿಯವರದನ್ನು ತೆಗೆದುಕೊಂಡೆ. ಶೀರ್ಷಿಕೆಗೆ ಒಂದೇ ಸಾಲಿನ ಜಾಗ: 'ಹೊಟ್ಟೆಯೊಳಗೆ ರಕ್ತ ತುಂಬಿದರೆ'. 'ವಪೆ' ಎಂದರೆ ಹಳ್ಳಿಯ ಓದುಗರಿಗೆ ತಿಳಿಯುತ್ತದೆಯೇ? ಸಮಾಸದವರು ದಯವಿಟ್ಟು ಉತ್ತರಿಸುವುದು ಬೇಡ.